ಕರೆ ಮಾಡಿ ಕಾಣೆಯಾದವರು

"ಇಷ್ಟು ಜನ ಬಾಗಿಲ ತನಕ ಬಂದು ಎಲ್ಲಿ ಮಾಯ ಆಗ್ತಾರೆ?"

ಒಡತಿ ಕೇಳಿದ್ದು ಯಾರನ್ನೂ ಅಲ್ಲ. ಕೈಯಲ್ಲಿ ಅರ್ಧ ಹೊಲಿದ ಬೂಟು, ಎದುರಿಗೆ ಕಂಪ್ಯೂಟರಿನ ಪರದೆ, ಪಕ್ಕದಲ್ಲಿ ಮುನಿಸಿಕೊಂಡಂತೆ ಕೂತ ಲ್ಯಾಂಡ್‌ಲೈನು. ಗೋಡೆಯ ತುಂಬ ಮರದ ಅಚ್ಚುಗಳು. ಒಂದು ಉದ್ದ, ಒಂದು ಗಿಡ್ಡ. ಒಂದಕ್ಕೊಂದು ಹೊಂದದ ಜೋಡಿಗಳು. ಹುಟ್ಟಿನಿಂದಲೋ ಪೆಟ್ಟಿನಿಂದಲೋ ಹೆಚ್ಚುಕಮ್ಮಿಯಾದ ಕಾಲುಗಳಿಗೆ ಅಳತೆ ತೆಗೆದು ಬೂಟು ಹೊಲಿಯುವ ಅಂಗಡಿ ಅದು. ಗಂಡ ಕಲಿಸಿದ ಕಸುಬು. ಗಂಡ ಹೋದ ಮೇಲೆ ಅದೇ ಅವಳ ಉಸಿರು.

ಆ ಉಸಿರಿಗೆ ಇಂದು ಸಂಜೆಯೇ ಗಡುವು. ಕಟ್ಟಡ ಮಾವನದು. "ಗಿರಾಕಿ ಬಂದರೆ ಅಂಗಡಿ ನಿನ್ನದು ತಾಯಿ, ಬರದಿದ್ದರೆ ಕೋಣೆ ಪಕ್ಕದ ಚಪ್ಪಲಿ ಶೋರೂಮಿಗೆ" ಎಂದಿದ್ದರು. ಮಾವನ ಮಾತೆಂದರೆ ಕಲ್ಲಿನಲ್ಲಿ ಕೊರೆದ ಗೆರೆ.

ಅದಕ್ಕೆಂದೇ ಅಂಗಡಿಯ ವೆಬ್‌ಸೈಟನ್ನು ಹೊಸದಾಗಿ ಮಾಡಿಸಿದ್ದು. ಮೊದಲು ಅದರಲ್ಲಿ ಅಂಗಡಿಯ ಪುರಾಣವೇ ಇತ್ತು: ಯಾರು ಕಟ್ಟಿದರು, ಯಾರು ಉದ್ಘಾಟಿಸಿದರು. ಓದುವವರಿಲ್ಲ. ಈಗ ಮೇಲೆ ಎತ್ತರ ಬೇರೆಬೇರೆಯಾದ ಒಂದು ಜೊತೆ ಬೂಟಿನ ಚಿತ್ರ, ಅದರ ಕೆಳಗೆ "ನಿಮ್ಮ ಕಾಲು ಹೇಗಿದೆಯೋ ಬೂಟು ಹಾಗೆ" ಎಂಬ ಒಂದೇ ಸಾಲು, ಹಾಕಿಕೊಂಡವರ ನಾಲ್ಕು ಮಾತು, ಕೊನೆಗೆ ಕಣ್ಣಿಗೆ ಹೊಡೆಯುವ ಹಸಿರು ಬಟನ್: ಕರೆ ಮಾಡಿ. ಬಟನ್ನಿನ ಮೇಲೆಯೇ ಅಂಗಡಿಯ ನಂಬರು.

"ನೋಡಿ, ಲೆಕ್ಕ ಇಲ್ಲೇ ಇದೆ" ಎಂದಳು ಅದನ್ನು ಮಾಡಿಕೊಟ್ಟವಳು. ಅವಳನ್ನು ಅಂಗಡಿಯಲ್ಲಿ ಎಲ್ಲರೂ ತಮಾಷೆಗೆ ಜಾಲಗಾರ್ತಿ ಎನ್ನುತ್ತಿದ್ದರು. "ದಿನಾ ಜನ ಬರ್ತಿದ್ದಾರೆ. ಓದ್ತಿದ್ದಾರೆ. ಬಟನ್ ಒತ್ತಿದ್ದಾರೆ."

"ಒತ್ತಿದ್ರೆ ಫೋನ್ ಯಾಕಮ್ಮ ಹೊಡ್ಕೊಳ್ಳಲ್ಲ?"

"ಫೋನ್ ಕೆಟ್ಟಿರಬಹುದು."

"ಕೆಟ್ಟಿಲ್ಲ. ದಿನಾ ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ನೋಡ್ತೀನಿ." ಒಡತಿ ಸೊಂಟದಿಂದ ತನ್ನ ಹಳೆಯ ಗುಂಡಿಯ ಮೊಬೈಲನ್ನು ತೆಗೆದಳು. ಪರದೆ ನೋಡುತ್ತ ಒಂದೊಂದೇ ಅಂಕಿ ಒತ್ತಿದಳು. ಲ್ಯಾಂಡ್‌ಲೈನು ಕೂಗಿತು. "ಕೇಳಿಸ್ತಾ? ಹಾಗಾದ್ರೆ ಸುಳ್ಳು ಹೇಳ್ತಿರೋದು ಫೋನಾ, ನೀನಾ?"

ಜಾಲಗಾರ್ತಿಯ ಮುಖ ಕಪ್ಪಿಟ್ಟಿತು. "ಸುಳ್ಳು ಹೇಳಿ ನನಗೇನು ಸಿಗುತ್ತೆ ಅಕ್ಕ?"

"ಹೆಸರು! ನಿನ್ನ ಕೆಲಸದಿಂದ ಜನ ಮುಗಿಬಿದ್ರು ಅಂತ."

ಮೂಲೆಯ ಬೆಂಚಿನಿಂದ ಒಂದು ಕೆಮ್ಮು ಬಂತು. ಬೆಳಗಿನಿಂದ ಅಲ್ಲಿ ಕೂತಿದ್ದವರು ಒಡತಿಯ ಚಿಕ್ಕಮ್ಮ. ವಿಮೆ ಕಂಪನಿಗಾಗಿ ಸುಳ್ಳು ಬೆಂಕಿ, ಸುಳ್ಳು ಕಳವು ಪತ್ತೆ ಮಾಡುತ್ತ ತಲೆ ನರೆಸಿಕೊಂಡವರು. ಮಾತು ಕಡಿಮೆ, ಕಿವಿ ಜಾಸ್ತಿ. ಬೆರಳುಗಳು ಜಪದಂತೆ ಸೆರಗಿನ ಅಂಚನ್ನು ಎಣಿಸುತ್ತಲೇ ಇದ್ದವು.

"ದುಡುಕಬೇಡ್ವೇ" ಎಂದರು. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು. ಇಬ್ಬರೂ ನಿಜ ಹೇಳ್ತಿರಬಹುದಲ್ಲ?"

"ಅದು ಹೇಗೆ ಸಾಧ್ಯ ಚಿಕ್ಕಮ್ಮ? ಅವರು ಕರೆ ಮಾಡಿದ್ದೂ ನಿಜ, ನನಗೆ ಬರದಿದ್ದೂ ನಿಜವಾ?"

ಚಿಕ್ಕಮ್ಮ ಬಾಗಿಲ ಕಡೆ ನೋಡಿದರು. ಬಾಗಿಲಲ್ಲಿ ನೆರಳು ಬಿದ್ದಿತ್ತು. ಪಕ್ಕದ ಶೋರೂಮಿನವನು. ಕೈಯಲ್ಲಿ ಅಳತೆ ಟೇಪು.

"ಏನ್ ಸ್ವಾಮಿ, ನಿಮ್ಮ ಕಾಲು ಅಳೀಬೇಕಾ?" ಒಡತಿ ಕೆಣಕಿದಳು.

"ಹೆಹೆ... ಸುಮ್ಮನೆ, ಬಾಗಿಲು ಎಷ್ಟು ಅಗಲ ಅಂತ—"

"ಹೆಣ ಏಳೋ ಮೊದಲೇ ಹಾಸಿಗೆ ಅಳೀತೀರಲ್ಲ! ಸಂಜೆ ಆಗಲಿ."

ಅವನು ನಕ್ಕು ಜಾರಿಕೊಂಡ. ಅವನ ಬೆನ್ನಿಗೇ ಚಹಾದ ಫ್ಲಾಸ್ಕು ಹಿಡಿದು ಮೈದುನ ಒಳಗೆ ಬಂದ. ಗಂಡನ ತಮ್ಮ. ಅತ್ತಿಗೆಯ ಕಷ್ಟಕ್ಕೆ ಹೆಗಲು ಕೊಟ್ಟವನೆಂದು ಬೀದಿಯೆಲ್ಲ ಹೊಗಳುತ್ತಿತ್ತು. ಹೊಸ ವೆಬ್‌ಸೈಟಿನ ಯೋಚನೆಯೂ ಅವನದೇ, ಹಸಿರು ಬಟನ್ ಒತ್ತಿ ಎಂದು ಊರಿಗೆಲ್ಲ ಹೇಳಿಬಂದವನೂ ಅವನೇ.

"ಇವನನ್ನ ನಂಬಬೇಡಿ ಅತ್ತಿಗೆ" ಎಂದು ಶೋರೂಮಿನ ಕಡೆಯ ಗೋಡೆಯತ್ತ ಬೆರಳು ಮಾಡಿದ. "ಏನೋ ಕಿತಾಪತಿ ಇವನದೇ. ಇಲ್ಲಾ..." ಜಾಲಗಾರ್ತಿಯ ಕಡೆ ನೋಡಿ ಮಾತು ನುಂಗಿದ. ನುಂಗಿದ ಮಾತು ಆಡಿದ್ದಕ್ಕಿಂತ ಜೋರಾಗಿ ಕೇಳಿಸಿತು.

"ವೆಬ್‌ಸೈಟ್ ತಿದ್ದೋಕೆ ಯಾರಿಗೆಲ್ಲ ಬರುತ್ತಪ್ಪ?" ಚಿಕ್ಕಮ್ಮ ಚಹಾ ಊದುತ್ತ ಕೇಳಿದರು.

"ಪಾಸ್‌ವರ್ಡ್ ನನ್ನ ಹತ್ರ ಇದೆ" ಎಂದಳು ಜಾಲಗಾರ್ತಿ. "ಮತ್ತೆ ಇವರ ಹತ್ರ. ಬೂಟಿನ ಫೋಟೋ ಹಾಕ್ತೀನಿ ಅಂತ ಇಸ್ಕೊಂಡ್ರು."

"ಹೌದಲ್ಲ! ಹಗಲು ರಾತ್ರಿ ಅನ್ನದೆ ಫೋಟೋ ಹಾಕಿದ್ದೀನಿ" ಎಂದ ಮೈದುನ.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಒಂದು ಹೆಜ್ಜೆ ಭಾರ, ಒಂದು ಹೆಜ್ಜೆ ಹಗುರ. ನಿವೃತ್ತ ಮೇಷ್ಟ್ರು. ಒಂದು ಕಾಲು ತುಸು ಗಿಡ್ಡ. ಮಾವನ ಜೊತೆ ದಿನಾ ವಾಕಿಂಗ್ ಹೋಗುವ ಗೆಳೆಯ. ಈಚೆಗೆ ಬಂದ ಬೆರಳೆಣಿಕೆಯ ಗಿರಾಕಿಗಳಲ್ಲಿ ಒಬ್ಬರು. ಹೊಸ ಬೂಟು ಹಾಕಿ, ಕೋಣೆಯ ಈ ತುದಿಯಿಂದ ಆ ತುದಿಗೆ ನಡೆದರು. ಭುಜ ಓಲಾಡಲಿಲ್ಲ.

"ಭಲೆ! ಇಷ್ಟು ವರ್ಷ ದೋಣಿ ಹಾಗೆ ನಡೀತಿದ್ದೆ ಕಣಮ್ಮ."

"ಬೂಟು ಮಾಡಿಸೋ ಯೋಚನೆ ಈಗ ಹೇಗೆ ಬಂತು ಮೇಷ್ಟ್ರೇ?" ಚಿಕ್ಕಮ್ಮ ಸುಮ್ಮನೆ ಕೇಳಿದಂತೆ ಕೇಳಿದರು.

"ಮೊಬೈಲಲ್ಲಿ ನೋಡಿದೆ. ಪಾರ್ಕಲ್ಲಿ ಈ ಹುಡುಗ ಸಿಕ್ಕಿದ್ದ, ಅವನಿಗೇ ತೋರಿಸಿದೆ. ಹಸಿರು ಬಟನ್ ಒತ್ತೋಕೆ ಹೋದ್ರೆ, 'ಅಯ್ಯೋ ಬೇಡಿ ಮೇಷ್ಟ್ರೇ, ಅದೆಲ್ಲ ನಿಮಗೆ ಗೋಜಲು' ಅಂತ ಕೈ ಹಿಡಿದು, ತಾನೇ ನಂಬರ್ ಓದಿ ಹೇಳಿ ಒತ್ತಿಸ್ದ. ಎಂಥ ಮರ್ಯಾದೆ, ಎಂಥ ವಿನಯ!"

ಮೈದುನ ತಲೆ ಬಗ್ಗಿಸಿ ನಕ್ಕ. ಮೇಷ್ಟ್ರು ಹರಸಿ ಹೊರಟರು. ಚಿಕ್ಕಮ್ಮನ ಬೆರಳು ಸೆರಗಿನ ಮೇಲೆ ನಿಂತುಬಿಟ್ಟಿತ್ತು.

"ಈಚೆಗೆ ಬಂದವರೆಲ್ಲ ವಯಸ್ಸಾದವರೇ ಅಲ್ವೇನೇ?"

ಒಡತಿ ಯೋಚಿಸಿದಳು. "ಹೌದು. ಒಬ್ಬರು ಅಂಗೈ ಮೇಲೆ ನಂಬರ್ ಬರ್ಕೊಂಡು ಬಂದಿದ್ರು. ಇನ್ನೊಬ್ಬರಿಗೆ ಸೊಸೆ ಬಾಯಿಪಾಠ ಮಾಡಿಸಿದ್ಳಂತೆ."

"ಮತ್ತೆ ನೀನು ದಿನಾ ಪರೀಕ್ಷೆ ಮಾಡೋದು ಈ ಗುಂಡಿ ಫೋನಲ್ಲಿ. ಅಂಕಿ ನೋಡಿ, ಅಂಕಿ ಒತ್ತಿ." ಜಾಲಗಾರ್ತಿಯ ಕಡೆ ತಿರುಗಿದರು. "ನೀನು?"

"ನಾನು... ಕಂಪ್ಯೂಟರಲ್ಲಿ ಲೆಕ್ಕ ಮಾತ್ರ ನೋಡ್ತೀನಿ. ಕಂಪ್ಯೂಟರಿಂದ ಕರೆ ಹೋಗಲ್ವಲ್ಲ."

"ಅಂದ್ರೆ ಗಿರಾಕಿ ಒತ್ತೋ ಹಾಗೆ ನಮ್ಮಲ್ಲಿ ಯಾರೂ ಒತ್ತೇ ಇಲ್ಲ!"

ಚಿಕ್ಕಮ್ಮ ಚೀಲದಿಂದ ತಮ್ಮ ಮೊಬೈಲು ತೆಗೆದರು. ವೆಬ್‌ಸೈಟು ತೆರೆದರು. ಹಸಿರು ಬಟನ್ ಮೇಲೆ ಬೆರಳಿಟ್ಟರು. ಎಲ್ಲರ ಕಣ್ಣೂ ಲ್ಯಾಂಡ್‌ಲೈನಿನ ಮೇಲೆ. ಅದು ಮಿಸುಕಲಿಲ್ಲ. ಗೋಡೆಯಾಚೆ, ಶೋರೂಮಿನಲ್ಲಿ, ಎಲ್ಲೋ ಒಂದು ಫೋನು ಹೊಡೆದುಕೊಂಡಿತು. ಒಂದೇ ದನಿ ಎರಡು ದಾರಿಯಲ್ಲಿ ಬಂತು: ಮೊಬೈಲಿನಲ್ಲಿ ಸ್ಪಷ್ಟ, ಗೋಡೆಯಿಂದ ಮಂಕು.

"ಬೂಟಿನ ಅಂಗಡೀನಾ? ಅದು ಮುಚ್ಚಿಹೋಯ್ತಲ್ಲ ಸರ್. ಪಕ್ಕದಲ್ಲೇ ನಮ್ಮ ಶೋರೂಮಿದೆ, ಬನ್ನಿ—"

ಒಡತಿಯ ಕೈಯಿಂದ ಬೂಟು ಜಾರಿತು. ಮುಚ್ಚಿಹೋಯ್ತಾ? ಬದುಕಿರುವಾಗಲೇ ತಿಥಿ ಮಾಡಿದ್ದರು.

"ನಾನ್ ಹೇಳ್ಲಿಲ್ವಾ ಅತ್ತಿಗೆ, ಅವನೇ!" ಮೈದುನ ಎದ್ದು ನಿಂತ. "ಮೇಲೆ ಬರೆದಿರೋ ನಂಬರ್ ನಮ್ಮದು, ಒತ್ತಿದ್ರೆ ಹೋಗೋದು ಅವನಿಗೆ! ಇವಳೂ ಅವನೂ ಸೇರಿ—"

"ಕೂತ್ಕೊಳಪ್ಪ. ಯಾರೂ ಓಡಿಹೋಗಲ್ಲ" ಎಂದರು ಚಿಕ್ಕಮ್ಮ. "ಫೋನ್ ಎತ್ತಿದವನು ಅವನು, ಸರಿ. ಆದ್ರೆ ಬಟನ್ ತಿರುಗಿಸೋಕೆ ಪಾಸ್‌ವರ್ಡ್ ಬೇಕು. ಅದಿರೋದು ಇಬ್ಬರ ಹತ್ರ."

"ಮಾಡಿದವಳು ಇವಳಲ್ವಾ!"

"ಇವಳೇ ಆಗಿದ್ರೆ, ಬಟನ್ ಒತ್ತಿದವರ ಲೆಕ್ಕ ತಂದು ತೋರಿಸ್ತಿರಲಿಲ್ಲ. ಕಳ್ಳ ತನ್ನ ಹೆಜ್ಜೆಗೆ ತಾನೇ ದೀಪ ಹಿಡೀತಾನಾ? 'ಯಾರೂ ನೋಡ್ತಿಲ್ಲ ಅಕ್ಕ' ಅಂದಿದ್ರೆ ಮುಗೀತಿತ್ತು." ಚಿಕ್ಕಮ್ಮ ಚಹಾದ ಲೋಟ ಕೆಳಗಿಟ್ಟರು. "ಇನ್ನೊಂದು ಮಾತು. ಈಗ ತಾನೇ ನಾವೆಲ್ಲ ಕೇಳಿದ್ವಿ, ಹೊಗಳಿಕೆ ಅಂತ ಬಿಟ್ಟುಬಿಟ್ವಿ. ಒಂದೇ ಬೆರಳಲ್ಲಿ ಮುಗಿಯೋ ಕೆಲಸ ಗೋಜಲು, ಅಷ್ಟೂ ಅಂಕಿ ಒತ್ತೋದು ಸುಲಭವಾ? ಮೇಷ್ಟ್ರ ಕೈ ಹಿಡಿದದ್ದು ಯಾಕೆ? ಅವರು ನಿಮ್ಮಪ್ಪನ ಗೆಳೆಯ. ಅಂಗಡಿ ಮುಚ್ಚಿದೆ ಅಂತ ಅವರ ಕಿವಿಗೆ ಬಿದ್ರೆ, ಆ ಸಂಜೆಯ ವಾಕಿಂಗಲ್ಲೇ ನಿಮ್ಮಪ್ಪನ ಕಿವಿಗೂ ಬೀಳ್ತಿತ್ತು. ಆ ಬಟನ್ ಎಲ್ಲಿಗೆ ಹೋಗುತ್ತೆ ಅಂತ ಗೊತ್ತಿದ್ದವನಿಗೆ ಮಾತ್ರ ಅದರ ಭಯ ಇರುತ್ತೆ. ಊರಿಗೆಲ್ಲ ಬಟನ್ ಒತ್ತಿ ಅಂದವನು ಇವರೊಬ್ಬರಿಗೆ ಬೇಡ ಅಂದೆ. ನೀನೇ ಕಣಪ್ಪ."

ಫ್ಲಾಸ್ಕಿನ ಮುಚ್ಚಳವನ್ನು ಮೈದುನ ತಿರುಗಿಸಿದ, ಮತ್ತೆ ತಿರುಗಿಸಿದ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

"ಏನು ಕೊಡ್ತೀನಿ ಅಂದಿದ್ದ?" ಒಡತಿಯ ದನಿ ಏರಲಿಲ್ಲ.

"...ಎರಡೂ ಕೋಣೆ ಸೇರಿಸಿ ದೊಡ್ಡ ಶೋರೂಮು. ಅದರಲ್ಲಿ ನನಗೂ ಪಾಲು." ಎಂದ ಮೈದುನ. "ನಿಮ್ಮನ್ನ ಬೀದಿಗೆ ಬಿಡ್ತಿರಲಿಲ್ಲ ಅತ್ತಿಗೆ. ಅಲ್ಲೇ ಒಂದು ಮೂಲೇಲಿ ನಿಮಗೆ ಕೆಲಸ ಕೊಡಿಸ್ತಿದ್ದೆ."

"ನಿಮ್ಮಣ್ಣನ ಅಂಗಡೀಲಿ ನನಗೆ ಮೂಲೆ!"

ಹೊತ್ತಿಳಿದ ಬೀದಿಯಲ್ಲಿ ಊರುಗೋಲಿನ ಸದ್ದು. ಮಾವ. ಕಿಟಕಿಯಾಚೆ ಅವರ ಬಿಳಿ ತಲೆ ಕಂಡಿತು. ಶೋರೂಮಿನವನು ಓಡಿಬಂದು ಅವರಿಗೆ ಕೈ ಮುಗಿಯುತ್ತಿದ್ದ.

ಮೈದುನ ಅತ್ತಿಗೆಯ ಹತ್ತಿರ ಬಂದು ಬಾಗಿದ. ಪಿಸುದನಿಯಲ್ಲಿ ಆತುರ.

"ಅಪ್ಪನಿಗೆ ಗೊತ್ತಾದ್ರೆ ನನ್ನನ್ನ ಮನೆಯಿಂದಲೇ ಆಚೆ ಹಾಕ್ತಾರೆ. ಅಂಗಡಿ ನಿಮಗೇ ಇರಲಿ, ನಾನೇ ಅಪ್ಪನಿಗೆ ಹೇಳಿ ಬರೆಸಿಕೊಡ್ತೀನಿ. ಒಂದೇ ಒಂದು ಮಾತು. ಇವಳು ನಂಬರ್ ತಪ್ಪು ಹಾಕಿದ್ಳು ಅಂದುಬಿಡಿ. ಹೊರಗಿನವಳು, ಇವತ್ತು ಇರ್ತಾಳೆ ನಾಳೆ ಹೋಗ್ತಾಳೆ. ನಾನು ಮನೆಯವನು."

ಜಾಲಗಾರ್ತಿ ತನ್ನ ಚೀಲವನ್ನು ಎದೆಗೊತ್ತಿ ಹಿಡಿದಳು. ತುಸು ಮುಂಚೆ ಸುಳ್ಳಿ ಎನ್ನಿಸಿಕೊಂಡವಳು. ಈಗಲೂ ಒಡತಿಯ ಅದೇ ಬಾಯಿಯ ಕಡೆ ನೋಡುತ್ತಿದ್ದಳು.

ಹೊಸ್ತಿಲ ಮೇಲೆ ಊರುಗೋಲು ಊರಿತು. "ಏನಮ್ಮ, ಗಿರಾಕಿಗಳು ಬಂದ್ರಾ?"

"ಅತ್ತಿಗೆ, ದಮ್ಮಯ್ಯ" ಎಂದ ಮೈದುನ.

ಒಡತಿ ಅವನ ಮುಖ ನೋಡಿದಳು.

"ಇಲ್ಲ. ಇವಳ ಮೇಲೆ ಸುಳ್ಳು ಹೇಳಲ್ಲ."