ಕಂಚುಗಾರ ಬೊಪ್ಪಣ್ಣ ಮತ್ತು ಶಂಖಾವತಿಯ ಮೂರು ಬಾಗಿಲು

ಬಲು ಹಿಂದೆ, ಏಳು ಬೆಟ್ಟಗಳ ನಡುವೆ ಶಂಖಾವತಿ ಎಂಬ ರಾಜ್ಯವಿತ್ತು. ಕರಾಳಸೇನನೆಂಬ ಮಾಂತ್ರಿಕ ಅದನ್ನು ಆಳುತ್ತಿದ್ದ. ಅವನ ರಾಜ್ಯದಲ್ಲಿ ಮೂವರು ಒಟ್ಟಿಗೆ ನಿಂತು ಮಾತಾಡುವಂತಿರಲಿಲ್ಲ, ಅರಮನೆಯ ಕಡೆ ಬೆರಳು ತೋರಿಸುವಂತಿರಲಿಲ್ಲ, ಸತ್ತವರಿಗಾಗಿ ಗಟ್ಟಿಯಾಗಿ ಅಳುವಂತಿರಲಿಲ್ಲ.

ಆ ಊರಲ್ಲಿ ಬೊಪ್ಪಣ್ಣ ಎಂಬ ಕಂಚುಗಾರನಿದ್ದ. ಎರಕದ ಕೆಲಸದಲ್ಲಿ ಅವನಂಥವನು ಇನ್ನೊಬ್ಬನಿರಲಿಲ್ಲ. ಅಪ್ಪ ಅಮ್ಮ ತೀರಿಹೋಗಿ ಮನೆಯಲ್ಲಿ ಅವನೂ ತಂಗಿ ಜಕ್ಕವ್ವನೂ ಇಬ್ಬರೇ. ಅವನು ಮೇಣದಲ್ಲಿ ರೂಪ ತಿದ್ದುತ್ತಿದ್ದ, ಅವಳು ಕುಲುಮೆಯ ತಿದಿ ಒತ್ತುತ್ತಿದ್ದಳು. ಒಂದು ದಿನ ಕರಾಳಸೇನ ಅವನನ್ನು ಕರೆಸಿ, ಕೋಟೆಯ ಮೂರು ಬಾಗಿಲಿಗೆ ಮೂರು ಕಂಚಿನ ಮೃಗ ಬೇಕೆಂದ. ಹೊರಬಾಗಿಲಿಗೆ ಹುಲಿ, ನಡುಬಾಗಿಲಿಗೆ ಆನೆ, ಅರಮನೆಯ ಬಾಗಿಲಿಗೆ ಸಿಂಹದ ಮೈ, ಆನೆಯ ಸೊಂಡಿಲಿನ ಯಾಳಿ. ಬೊಪ್ಪಣ್ಣ ಹಿಗ್ಗಿದ. ಅಂಥವನ ಬಾಗಿಲಿಗೆ ಅಂದದ ಕೆಲಸ ಯಾಕೆ ಎಂದು ಜಕ್ಕವ್ವ ಜಗಳವಾಡಿದಳು. ಅವನು ಕೇಳಲಿಲ್ಲ. ಹುಲಿಯ ಮೀಸೆಯ ಒಂದೊಂದು ಕೂದಲನ್ನೂ ಬಿಡಿಸಿ ಮಾಡಿದ.

ಮೃಗಗಳು ಬಾಗಿಲಲ್ಲಿ ನಿಂತ ದಿನ ಕರಾಳಸೇನ ತನ್ನ ಪ್ರಾಣವನ್ನು ಮೂರು ಪಾಲು ಮಾಡಿ ಅವುಗಳ ಕಿವಿಯಲ್ಲಿ ಊದಿದ. ಅವು ಕಣ್ಣು ಬಿಟ್ಟವು. ವಾರ ಕಳೆಯುವುದರೊಳಗೆ ಹುಲಿ ಬೀದಿಗಿಳಿದು, ಒಟ್ಟಿಗೆ ನಿಂತಿದ್ದ ಮೂವರು ನೇಕಾರರನ್ನು ತಿಂದುಹಾಕಿತು. ಬೊಪ್ಪಣ್ಣ ಯಾರಿಗೂ ಹೇಳದೆ, ತಂಗಿಗೂ ಹೇಳದೆ, ಊರು ಬಿಟ್ಟು ಓಡಿದ. ಬೆಟ್ಟ ದಾಟಿ, ಹಡಗು ಹತ್ತಿ, ಮೂರು ತಿಂಗಳ ದಾರಿಯ ಮುತ್ತಿನ ದ್ವೀಪ ಸೇರಿದ. ದೀಪ, ಗಂಟೆ ಮಾಡಿಕೊಂಡು ಅಲ್ಲಿ ಹನ್ನೆರಡು ವರ್ಷ ಕಳೆದ.

ಅವನ ಬಳಿ ಒಂದು ತಟ್ಟೆಯಿತ್ತು. ಮೃಗಗಳನ್ನು ಎರಕ ಹೊಯ್ದು ಉಳಿದ ಕಂಚಿನಿಂದ ಮಾಡಿದ್ದು. ಹುಣಸೆಹಣ್ಣು ಹಚ್ಚಿ ಬೆಳಗಿದರೆ, ಆ ಮೃಗಗಳು ಕಂಡದ್ದೆಲ್ಲ ಅದರಲ್ಲಿ ಕಾಣುತ್ತಿತ್ತು. ಸದ್ದು ಮಾತ್ರ ಕೇಳಿಸುತ್ತಿರಲಿಲ್ಲ.

ಒಂದು ಬೆಳಿಗ್ಗೆ ತಟ್ಟೆ ಬೆಳಗಿದಾಗ, ಹುಲಿಯ ಎದುರಿಗೆ ಒಬ್ಬ ಮುದುಕಿ ಕೂತಿದ್ದು ಕಂಡಿತು. ಅವಳು ಗಾಣದ ಚಾಗವ್ವ. ಅವಳ ಮಗನನ್ನು ಹುಲಿ ಹಿಂದಿನ ದಿನ ತಿಂದಿತ್ತು. ಅವಳು ಬಾಯಿ ತೆರೆದು ಅಳುತ್ತಿದ್ದಳು. ಭಟರು ಎಳೆದುಹಾಕಿದರು, ಅವಳು ಮತ್ತೆ ಬಂದು ಅದೇ ಜಾಗದಲ್ಲಿ ಕೂತಳು. ಪಕ್ಕದಲ್ಲಿ ಇನ್ನೊಬ್ಬಳು ಬಂದು ಕೂತಳು. ಮಧ್ಯಾಹ್ನಕ್ಕೆ ಹತ್ತು ಜನ, ಸಂಜೆಗೆ ನೂರು. ಮರುದಿನ ಕೋಟೆಯ ಬಾಗಿಲಿಂದ ಸಂತೆಮಾಳದವರೆಗೆ ಜನವೋ ಜನ.

ಆಗ ಹುಲಿ ಎದ್ದಿತು.

ಜನ ಚೆಲ್ಲಾಪಿಲ್ಲಿಯಾಗಿ ಓಡಿದರು. ಬೊಪ್ಪಣ್ಣನಿಗೆ ಎಲ್ಲವೂ ಹುಲಿಯ ಕಣ್ಣಿನಿಂದಲೇ ಕಾಣುತ್ತಿದ್ದುದರಿಂದ, ತಾನೇ ಅವರನ್ನು ಅಟ್ಟಿಸಿಕೊಂಡು ಹೋಗಿ ಮೇಲೆ ಬೀಳುತ್ತಿದ್ದಂತಿತ್ತು. ಒಬ್ಬ ಬಡಗಿ, ಇಬ್ಬರು ಅಗಸರು, ಹೂ ಕಟ್ಟುವ ಒಬ್ಬ ಹುಡುಗಿ. ಮುಖಗಳು ಹತ್ತಿರಕ್ಕೆ ಬಂದು ಇಲ್ಲವಾದವು.

ಆ ಹೊತ್ತಿಗೇ ದ್ವೀಪದ ಒಬ್ಬ ಹೆಂಗಸು ಅಂಗಡಿಗೆ ಬಂದಳು. ತಟ್ಟೆಯತ್ತ ಇಣುಕಿ, ನಿಮ್ಮ ಕಡೆ ಏನೋ ಗಲಾಟೆ ಇದ್ದ ಹಾಗಿದೆಯಲ್ಲ, ಪಾಪ, ಎಂದಳು. ಆಮೇಲೆ ಮಗಳ ಮದುವೆಗೆ ದೀಪದ ಕಂಬ ಸಿದ್ಧವಾಗುತ್ತದೋ ಇಲ್ಲವೋ ಎಂದು ಕೇಳಿದಳು. ಆಗುತ್ತದೆ ಎಂದ ಬೊಪ್ಪಣ್ಣ.

ಮೂರು ಮೃಗಗಳಿಗೂ ಗದ್ದದ ಕೆಳಗೆ ಎರಕ ಹೊಯ್ದ ರಂಧ್ರವಿತ್ತು. ಅದನ್ನು ಅವನು ಬರಿಯ ತವರದಿಂದ ಮುಚ್ಚಿದ್ದ. ಅಲ್ಲಿಗೆ ಸುತ್ತಿಗೆಯ ಒಂದು ಪೆಟ್ಟು ಬಿದ್ದರೆ ಸಾಕು, ಒಳಗಿನ ಪ್ರಾಣ ಸೋರಿಹೋಗುತ್ತಿತ್ತು. ಹನ್ನೆರಡು ವರ್ಷದಲ್ಲಿ ಈ ಮಾತನ್ನು ಅವನು ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಲಿಲ್ಲವಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಈಗ ಅದನ್ನೇ ಊರಿನವರಿಗೆ ಓಲೆಯಲ್ಲಿ ಬರೆದು, ಮೂರೇ ದಿನಕ್ಕೆ ಕಡಲು ದಾಟುವ ಒಂದು ಪಾರಿವಾಳದ ಕಾಲಿಗೆ ಕಟ್ಟಿ ಹಾರಿಸಿದ.

ಜನ ಓಲೆಗಾಗಿ ಕಾಯಲಿಲ್ಲ. ಅದು ಬರುತ್ತಿದೆ ಎಂದು ಅವರಿಗೆ ಗೊತ್ತೂ ಇರಲಿಲ್ಲ.

ಮರುದಿನ ಅಗಸರು ಒದ್ದೆ ಜಮಖಾನ ಎಸೆದು ಹುಲಿಯ ಕಣ್ಣು ಮುಚ್ಚಿದರು, ಹಗ್ಗ ಬಿಗಿದು ಕೋಟೆಯ ಕಂದಕಕ್ಕೆ ಎಳೆದರು. ಹುಲಿ ಮುಳುಗಿ ಪ್ರಾಣ ಬಿಟ್ಟಿತು. ಎರಡನೆಯ ದಿನ ಆನೆಯ ದಾರಿಯಲ್ಲಿ ಗುಂಡಿ ತೋಡಿ ಹುಲ್ಲು ಹೊದಿಸಿದರು. ಆನೆ ಬಿದ್ದು ಒಡೆಯಿತು, ಅದರ ಕಾಲ ಕೆಳಗೆ ನಲವತ್ತು ಜನ ಸತ್ತ ಮೇಲೆ. ಮೂರನೆಯ ದಿನ ಯಾಳಿ ಅರಮನೆಯ ಬಾಗಿಲಲ್ಲಿ ನಿಂತು ಬೆಂಕಿ ಕಾರಿತು. ಒದ್ದೆ ಬಟ್ಟೆ ಉರಿದುಹೋಯಿತು. ಗುಂಡಿ ತೋಡಲು ಹೋದವರು ಸುಟ್ಟು ಕರಕಲಾದರು.

ಆಗ ಹೊಗೆಯೊಳಗಿಂದ ಒಬ್ಬ ಹೆಂಗಸು ಸುತ್ತಿಗೆ ಹಿಡಿದು ನಡೆದು ಬಂದಳು. ತಲೆಗೂದಲು ನರೆತಿತ್ತು, ನಡಿಗೆ ಬದಲಾಗಿರಲಿಲ್ಲ. ಬೊಪ್ಪಣ್ಣನ ತಂಗಿ ಜಕ್ಕವ್ವ. ಕಂಚು ಎಲ್ಲಿಂದ ಹೊಯ್ಯುತ್ತಾರೆಂದು ಅವಳಿಗೆ ಯಾರೂ ಬರೆದು ಕಳಿಸಬೇಕಿರಲಿಲ್ಲ. ಯಾಳಿಯ ಕಣ್ಣಲ್ಲಿ ಕಣ್ಣಿಟ್ಟು ಬಂದವಳು, ಹತ್ತಿರವಾದಾಗ ಏನೋ ಹೇಳಿದಳು. ತುಟಿ ಅಲುಗಿದ್ದು ತಟ್ಟೆಯಲ್ಲಿ ಸ್ಪಷ್ಟವಾಗಿ ಕಂಡಿತು. ಆಮೇಲೆ ಬಗ್ಗಿ, ಕೆಳಗಿನಿಂದ ಸುತ್ತಿಗೆ ಬೀಸಿದಳು.

ತಟ್ಟೆ ಬರಿಯ ತಟ್ಟೆಯಾಯಿತು. ಅವನು ಎಷ್ಟು ಉಜ್ಜಿದರೂ ಅದರಲ್ಲಿ ತನ್ನ ಮುಖವೇ ಕಂಡಿತು.

ಮೂರು ದಿನದ ಮೇಲೆ ಪಾರಿವಾಳ ಹಿಂದಿರುಗಿ ಬಂತು. ಬೆಟ್ಟದ ಮೇಲಿನ ಹೊಗೆ ಕಂಡು ಹೆದರಿ ತಿರುಗಿತ್ತು. ಕಟ್ಟಿದ ಓಲೆ ಕಾಲಿನಲ್ಲಿ ಹಾಗೇ ಇತ್ತು.

ಬೊಪ್ಪಣ್ಣ ಮೊದಲ ಹಡಗನ್ನೇ ಹತ್ತಿದ. ಮೂರು ತಿಂಗಳೂ ಆ ತುಟಿಗಳ ಅಲುಗಾಟವನ್ನೇ ನೆನೆದ. ಅಣ್ಣಾ ಎಂದಿರಬೇಕು ಎಂದು ಒಂದು ದಿನ ಅನಿಸುವುದು, ಹೇಡಿ ಎಂದಿರಬೇಕು ಎಂದು ಇನ್ನೊಂದು ದಿನ. ಯಾವುದಾದರೂ ಸರಿ, ತನ್ನನ್ನು ನೋಡಿಯೇ ಹೇಳಿದಳು ಎಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ.

ಶಂಖಾವತಿಯಲ್ಲಿ ಬಾಗಿಲುಗಳೆಲ್ಲ ತೆರೆದಿದ್ದವು. ಮೂರು ಮೃಗಗಳೂ ಬಿದ್ದೊಡನೆ ಕರಾಳಸೇನ ಸಿಂಹಾಸನದ ಮೇಲೇ ಬೂದಿಯಾಗಿದ್ದನಂತೆ. ಆ ಬೂದಿಯನ್ನು ಜನ ಗುಡಿಸಿ ತಿಪ್ಪೆಗೆ ಹಾಕಿದ್ದರು. ಊರಿನ ಹತ್ತು ಹಿರಿಯರು ಸೇರಿ ನ್ಯಾಯ ನೋಡುತ್ತಿದ್ದರು. ಅವರಲ್ಲಿ ಚಾಗವ್ವನೂ ಇದ್ದಳು. ಜಕ್ಕವ್ವ ಎಲ್ಲಿ ಎಂದು ಬೊಪ್ಪಣ್ಣ ಅವಳನ್ನೇ ಕೇಳಿದ.

ಯಾಳಿ ಅವಳ ಮೇಲೇ ಬಿತ್ತು ಎಂದಳು ಚಾಗವ್ವ.

ಬೊಪ್ಪಣ್ಣ ಅವಳ ಎದುರಿಗೆ ನೆಲದ ಮೇಲೆ ಕೂತ. "ಅವ್ವಾ, ಹೊಡೆಯೋ ಮುಂಚೆ ಅವಳು ಏನೋ ಅಂದಳು. ಏನಂದಳು?"

"ನಾವು ಹಿಂದೇನೇ ಇದ್ದೆವು. ದೂರ ಸರೀರಿ, ಇದು ಬೀಳುತ್ತೆ ಅಂದಳು."

"ಅಷ್ಟೇನಾ?"

"ಇನ್ನೇನು ಅನ್ನಬೇಕಿತ್ತಪ್ಪಾ?"

ಬೊಪ್ಪಣ್ಣ ಹಿರಿಯರೆಲ್ಲರ ಮುಂದೆ ನಿಂತು, ಆ ಮೃಗಗಳನ್ನು ಮಾಡಿದ್ದು ತಾನೇ, ಅವುಗಳ ಗುಟ್ಟು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದವನೂ ತಾನೇ ಎಂದು ಒಪ್ಪಿಕೊಂಡ. ಏನು ಶಿಕ್ಷೆ ಕೊಟ್ಟರೂ ಸರಿ ಎಂದು ತಲೆಬಾಗಿದ. ಕೆಲವರು ಸಿಟ್ಟಾದರು. ಹೊರಗೆ ಯಾರದೋ ಮದುವೆಯ ವಾದ್ಯ ಕೇಳುತ್ತಿತ್ತು. ಚಾಗವ್ವ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಎಲ್ಲ ಮುಗಿದ ಮೇಲೆ ಬಂದಿದ್ದೀಯ, ಬೊಪ್ಪಣ್ಣ. ನಿನ್ನ ಶಿಕ್ಷಿಸೋಕೆ ನಮಗೆ ಪುರುಸೊತ್ತಿಲ್ಲ. ಊರಲ್ಲಿ ಪಾತ್ರೆಪಗಡ ಇಲ್ಲ. ಕೆಲಸ ಬರುತ್ತಲ್ಲ, ಮಾಡಿಕೊಂಡಿರು."

ಅವನು ಮಾಡಿಕೊಂಡಿದ್ದ. ಶಂಖಾವತಿಯಲ್ಲಿ ಕಾಲಕ್ಕೆ ಸರಿಯಾಗಿ ಬೆಳೆ ಬಂತು, ಮಕ್ಕಳು ಹುಟ್ಟಿದರು, ಎಲ್ಲರೂ ಬಹುಕಾಲ ಸುಖವಾಗಿ ಬಾಳಿದರು. ಹೊತ್ತು ಇಳಿದಾಗ ಜನ ಕಟ್ಟೆಯ ಮೇಲೆ ಕೂತು, ಆ ಮೂರು ದಿನ ನೀನೆಲ್ಲಿದ್ದೆ, ನೀನೆಲ್ಲಿದ್ದೆ ಎಂದು ಒಬ್ಬರನ್ನೊಬ್ಬರು ಕೇಳುತ್ತ, ಹೇಳಿದ್ದನ್ನೇ ಹೇಳಿ ನಗುತ್ತ ಅಳುತ್ತ ಇರುತ್ತಿದ್ದರು. ಆ ಮಾತು ಸರದಿಯಲ್ಲಿ ತನ್ನವರೆಗೆ ಬರುವ ಮೊದಲೇ ಬೊಪ್ಪಣ್ಣ ಕೆಲಸವಿದೆ ಎಂದು ಎದ್ದು ಹೋಗುತ್ತಿದ್ದ. ಯಾರೂ ಅವನನ್ನು ತಡೆಯುತ್ತಿರಲಿಲ್ಲ.