ನಿಲ್ಲು ಎಂದರೆ ಕೇಳದ ಪಂಪು

ವ್ಯಾನು ನನ್ನ ಮೊಣಕಾಲಿಗೆ ಗೇಣು ದೂರದಲ್ಲಿ ನಿಂತಿತು.

ಕಂಪನಿಯ ಗೇಟಿಗೆ ಅಡ್ಡ ನಿಂತವನು ನಾನೇ. ಡ್ರೈವರ್ ನನ್ನ ವಂಶವನ್ನೆಲ್ಲ ನೆನೆದ... ನಾನು ಕದಲಲಿಲ್ಲ.

ವ್ಯಾನಿನಲ್ಲಿ ನಲವತ್ತು ಪಂಪು. ರೋಗಿಯ ರಕ್ತನಾಳಕ್ಕೆ ಹನಿಹನಿಯಾಗಿ ಔಷಧ ಬಿಡುವಂಥವು. ಮಧ್ಯಾಹ್ನದೊಳಗೆ ಆಸ್ಪತ್ರೆ ಸೇರಬೇಕಿತ್ತು.

ನನ್ನ ಕಸುಬು ಏನಂತೀರಾ? ಯಂತ್ರಗಳ ಮಾತುಕತೆಯ ತಪಾಸಣೆ. ಪಂಪು 'ಎಷ್ಟು?' ಎಂದು ಕೇಳಬೇಕು, ವಾರ್ಡಿನ ಕಂಪ್ಯೂಟರ್ ಪ್ರಮಾಣ ಹೇಳಬೇಕು, ಆಮೇಲೆ ಔಷಧ ಹರಿಯಬೇಕು. ಪ್ರೋಗ್ರಾಮರ್ ಹೆಣ್ಣುಮಗಳು ಫಂಕ್ಷನಲ್ ಎಂಬ ಬಗೆಯ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಈ ಸರದಿಯನ್ನೇ ಒಂದು ಟೈಪ್ ಆಗಿ, ಕರಾರುಪತ್ರದ ಹಾಗೆ, ಬರೆದಿಟ್ಟಿದ್ದಳು. ಕರಾರು ತಪ್ಪಿದ ಪ್ರೋಗ್ರಾಮನ್ನು, ತಾಳೆ ನೋಡುವ ತಂತ್ರಾಂಶವಾದ ಟೈಪ್ ಚೆಕರ್ ಹೊಸಿಲು ದಾಟಲು ಬಿಡುವುದಿಲ್ಲ.

ಜಗಮೊಂಡ!

ಮೂರು ದಿನದಿಂದ ಅದರದು ಒಂದೇ ತಕರಾರು. ಔಷಧ ಹರಿಯುವಾಗ 'ನಿಲ್ಲು' ಎಂಬ ಸಂದೇಶ ಬಂದರೆ ಪಂಪಿನಲ್ಲಿ ಕೇಳುವವರೇ ಇಲ್ಲ.

ತಿದ್ದಲು ಅವಳು ಎರಡು ವಾರದ ಸಮಯ ಕೇಳಿದ್ದಳು. ಮ್ಯಾನೇಜರ್ ಎರಡು ನಿಮಿಷದಲ್ಲಿ ಮುಗಿಸಿದ್ದ. ನನ್ನನ್ನು ನಂಬು, ಪರೀಕ್ಷಿಸಬೇಡ ಎಂಬರ್ಥದ ಒಂದು ಸಾಲು ಸೇರಿಸಿ ಚೆಕರ್ ಬಾಯಿಗೆ ಬೀಗ ಹಾಕಿದ್ದ.

ಈಗ ಕಾವಲುಗಾರನ ಜೊತೆ ಬಂದ. ಕಾವಲುಗಾರ ನನ್ನ ಕೈ ಹಿಂದಕ್ಕೆ ತಿರುಚಿದ. ತಪಾಸಣೆ ಪತ್ರಕ್ಕೆ ಸಹಿ ಹಾಕದಿದ್ದರೆ ಈ ಊರಲ್ಲಿ ನನಗೆ ಇನ್ನೊಂದು ಕೆಲಸ ಹುಟ್ಟುವುದಿಲ್ಲ ಎಂದು ಮ್ಯಾನೇಜರ್ ತಣ್ಣಗೆ ತಿಳಿಸಿದ.

"ಹಾಕ್ತೀನಿ," ಅಂದೆ. "ಒಂದು ಪಂಪು ಇಳಿಸಿ. ಬರೀ ಸಲೈನ್ ಸಾಕು. ಸೂಜಿ ನಿಮ್ಮ ಕೈಗೆ."

ಮ್ಯಾನೇಜರ್ ಗಡಿಯಾರ ನೋಡಿಕೊಂಡ.

"ನಂಗೆ ಸೂಜಿ ಅಂದ್ರೆ ಆಗಲ್ಲ."

"ಸರಿ. ಬಕೆಟ್ಟಿಗೆ ಬಿಡೋಣ."

ಡ್ರೈವರ್ ವ್ಯಾನು ತೊಳೆಯುವ ಬಕೆಟ್ ತಂದ. ಪ್ರೋಗ್ರಾಮರ್ ಲ್ಯಾಪ್‌ಟಾಪ್ ಹಿಡಿದು ಓಡಿಬಂದಳು... ವಾರ್ಡಿನ ಕಂಪ್ಯೂಟರ್ ಪಾತ್ರ ಅದರದು. ಪಂಪು ಕೇಳಿತು. ಲ್ಯಾಪ್‌ಟಾಪ್ ಹೇಳಿತು. ನೀರು ತೊಟ್ಟಿಕ್ಕಿತು.

ಅವಳು 'ನಿಲ್ಲು' ಕಳಿಸಿದಳು.

ಟಪ್.

ಮತ್ತೆ ಕಳಿಸಿದಳು. ಐದು ಸಲ.

ಟಪ್... ಟಪ್... ಟಪ್...

ನನ್ನ ಕೈ ಮೇಲಿನ ಹಿಡಿತ ಸಡಿಲವಾಯಿತು. "ನಮ್ಮಮ್ಮ ಅದೇ ಆಸ್ಪತ್ರೇಲಿದಾರೆ ಸಾರ್," ಅಂದ ಕಾವಲುಗಾರ. ಅವನು ಹೇಳಿದ್ದು ನನಗಲ್ಲ, ಮ್ಯಾನೇಜರ್‌ಗೆ. ಆಮೇಲೆ ಹೋಗಿ ಗೇಟಿಗೆ ಬೀಗ ಜಡಿದು, ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡ. ಡ್ರೈವರ್ ಯಾರನ್ನೂ ಕೇಳದೆ ಗಾಡಿ ಹಿಂದಕ್ಕೆ ತೆಗೆದ.

'ನಂಬು' ಎಂಬ ಆ ಸಾಲನ್ನು ಅಳಿಸಲಾಯಿತು. ಅವಳು ಮೊದಲ ತಪ್ಪು ತಿದ್ದಿದಳು. ಅದರ ಬೆನ್ನ ಹಿಂದೆ ಅಡಗಿದ್ದ ಇನ್ನೂ ಹದಿನಾಲ್ಕನ್ನು ಚೆಕರ್ ಪಟ್ಟಿ ಮಾಡಿ ಮುಂದಿಟ್ಟಿತು.

ಮ್ಯಾನೇಜರ್ ಪಟ್ಟಿ ಓದಿದ. ನನ್ನನ್ನು ದುರುಗುಟ್ಟಿ ನೋಡಿದ.

"ನೀವು ಅಡ್ಡ ಬರೋಕೆ ಮುಂಚೆ ಒಂದೇ ತಪ್ಪಿತ್ತು."