ಬಿಚ್ಚದೆ ಉಳಿದ ಹಗ್ಗ

ನಾನು ಕುಡಿದಿರಲಿಲ್ಲ, ಉರಿ ಮಧ್ಯಾಹ್ನ ಬೇರೆ. ಕಂತು ಕಂತಾಗಿ ತೆಗೆಯುತ್ತಿದ್ದ ನಮ್ಮ ಮೂಕಿ ಚಿತ್ರದ ಕೊನೇ ಕಂತು ತೆಗೆಯುವ ಮೊದಲೇ ಫೋರ್ಟ್ ಲೀ ಊರಿನ ಸಿನಿಮಾ ಕಂಪನಿ ಬಾಗಿಲು ಹಾಕಿತ್ತು. ಕಥೆಯಲ್ಲಿ ನಾಯಕಿ ಪ್ರಪಾತದಲ್ಲಿ ನೇತಾಡುತ್ತಲೇ ಉಳಿದಳು. ಚಿತ್ರೀಕರಣಕ್ಕೆ ಅವಳಿಗೆ ಹಗ್ಗ ಕಟ್ಟಿದವನು ನಾನೇ. ಬಂಡೆಯಂಚಿನಲ್ಲೇ ಉಳಿದಿದ್ದ ಆ ಹಗ್ಗ ಬಿಚ್ಚಿಕೊಂಡು ಬರಲು ಹೋದೆ. ನಾಯಕಿಯಾಗಿದ್ದ ಹ್ಯಾಟೀಯೂ ಬಂದಳು.

ಹಗ್ಗ ಬಿಗಿದು ನಿಂತಿತ್ತು. ಬಗ್ಗಿ ನೋಡಿದರೆ ಯಾರೂ ಇಲ್ಲ, ಕೆಳಗೆ ಹಡ್ಸನ್ ನದಿ ಅಷ್ಟೇ.

“ಎಳಿಯೋ ಕ್ಲೆಮ್, ಕಂಪನಿಯಂತೂ ನನ್ನ ಕಾಪಾಡ್ಲಿಲ್ಲ,” ಎಂದು ಹ್ಯಾಟೀ ನಕ್ಕಳು.

ಎಳೆದೆ. ಒಂದಾಳಿನ ಭಾರ. ಮೇಲೆ ಬಂದ ಹಗ್ಗ ಬೆವರಿನಿಂದ ಒದ್ದೆಯಾಗಿ ಬೆಚ್ಚಗಿತ್ತು.

“ನಿಧಾನ! ಕೈ ಜಾರ್ತಿದೆ!” ಕೆಳಗಿನಿಂದ ಹ್ಯಾಟೀಯದೇ ದನಿ.

ಪಕ್ಕದಲ್ಲಿದ್ದ ಹ್ಯಾಟೀ ನನ್ನ ತೋಳು ಹಿಡಿದಳು. “ಬೇಡ ಕಣೋ. ಅವಳು ಮೇಲೆ ಬಂದ್ರೆ ನಾನ್ಯಾರು?”

ಹಾಗೇ ಬಿಟ್ಟು ಬಂದೆವು.

ಹೋದ ಚಳಿಗಾಲ ಹ್ಯಾಟೀ ಮುದುಕಿಯಾಗಿ ತೀರಿಕೊಂಡಳು. ಮಣ್ಣು ಮಾಡಿ ನೇರ ಅಲ್ಲಿಗೇ ಹೋದೆ. ಎಳೆಯೋಣವೆಂದರೆ ನನ್ನ ತೋಳಲ್ಲಿ ಕಸುವಿಲ್ಲ. ಹಗ್ಗ ಇನ್ನೂ ಬಿಗಿಯಾಗಿದೆ, ಮುಟ್ಟಿದರೆ ಬೆಚ್ಚಗಿದೆ.